ಟೀವಿಯಲ್ಲಿ ಆದ ಮದುವೆ

ಪಾಸಿಯ ಲಾವೆ ಎಂಬ ಕರಾವಳಿಯ ಊರಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಹೇಳಿಕಳಿಸುತ್ತಿದ್ದುದು ಅಸ್ನಿದಾರಳಿಗೆ. ಜರಿಯ ಪರದೆಗಳು, ಹಸೆಮಂಟಪದ ದಿಂಬುಗಳು, ಮದುಮಗಳ ಕೆಂಪು ಮಖಮಲ್ಲು, ತಲೆಯ ಮೇಲೆ ಅರ್ಧಚಂದ್ರದ ಹಾಗೆ ಎದ್ದು ನಿಲ್ಲುವ ಹೊಂಬಣ್ಣದ ಹೂಗಳ ಸುಂತ್ಯಾಂಗ್ ಕಿರೀಟ, ಎಲ್ಲವೂ ಅವಳ ಮನೆಯ ಅಟ್ಟದ ಪೆಟ್ಟಿಗೆಗಳಲ್ಲಿದ್ದವು. ಅವಳ ತಾಯಿಯೂ ಇದೇ ಕಸುಬು ಮಾಡಿದವಳು. ತಾಯಿ ಸತ್ತ ಮೇಲೆ ಮನೆ, ಅಟ್ಟ, ಪೆಟ್ಟಿಗೆ ಎಲ್ಲ ಅಸ್ನಿದಾರಳಿಗೂ ತಂಗಿ ಎರ್ನಿಗೂ ಬಂದವು. ಎರ್ನಿಗೆ ಈ ಕೆಲಸದಲ್ಲಿ ಅಂಥ ಆಸೆಯಿರಲಿಲ್ಲ. ಕರೆದಾಗ ಬಂದು ಸೂಜಿ, ದಾರ ಹಿಡಿಯುತ್ತಿದ್ದಳು, ಅಷ್ಟೇ.

ಅಸ್ನಿದಾರಳ ಸ್ವಂತ ಮದುವೆ ಮಾತ್ರ ಗಡಿಬಿಡಿಯಲ್ಲಿ ಆಗಿತ್ತು. ಹತ್ತೊಂಬತ್ತರ ಹುಡುಗಿ, ತಂದೆ ಹಾಸಿಗೆ ಹಿಡಿದಿದ್ದ, ಕಣ್ಣು ಮುಚ್ಚುವ ಮೊದಲು ನೋಡಬೇಕೆಂದ. ಕಿರೀಟವಿಲ್ಲ, ತಾಸೆಯ ಬಡಿತವಿಲ್ಲ, ಚಾಪೆಯ ಮೇಲೆ ಕೂತು ಮುಗಿಸಿದರು. ಗಂಡ ಜುಲ್ಬಹ್ರಿ ಬಟ್ಟೆ ಮಾರಲು ಜಕಾರ್ತಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತಲಾಖಿನ ಸುದ್ದಿ ಊರಿಗೆ ಬಂದ ಒಬ್ಬ ಪರಿಚಯದವನ ಬಾಯಲ್ಲಿ ಬಂತು. ಅವನು ಅದನ್ನು ಅಂಗಳದಲ್ಲೇ ನಿಂತು ಹೇಳಿ, ಕೊಟ್ಟ ಕಾಫಿ ಕುಡಿಯದೆ ಹೋದ. ಅಸ್ನಿದಾರ್ ಮಗಳು ಮೆಲ್ದಾಳನ್ನು ಬೆಳೆಸಿ, ಓದಿಸಿ, ಪಾಯಕುಂಬುವಿಗೆ ಮದುವೆ ಮಾಡಿಕೊಟ್ಟಳು. ಈಗ ಅವಳಿಗೆ ನಲವತ್ತಮೂರು. ಇನ್ನೊಂದು ಮದುವೆಯ ಮಾತು ಒಂದೆರಡು ಸಲ ಎದ್ದಿತ್ತು; ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ವರ್ಷ ಉಪವಾಸದ ತಿಂಗಳಿಗೆ ಇನ್ನೂ ಕೆಲವು ವಾರ ಇರುವಾಗ ಪ್ರಾಂತದ ಟೀವಿಯವರು ಊರಿಗೆ ಬಂದರು. ವಾರಕ್ಕೊಂದು ಊರಿನ ಜನ, ಕಸುಬು, ಹಾಡು, ಅಡುಗೆ ತೋರಿಸುವ ‘ಊರಂಗಳ’ ಎಂಬ ಕಾರ್ಯಕ್ರಮ ಅವರದು. ಭಾನುವಾರ ಸಂಜೆ ಅದು ಶುರುವಾದರೆ ಕಾಫಿ ಅಂಗಡಿಗಳಲ್ಲಿ ಡಾಮಿನೊ ಬಿಲ್ಲೆಗಳ ಸದ್ದು ನಿಲ್ಲುತ್ತಿತ್ತು. ಪಕ್ಕದ ಊರನ್ನು ಎರಡು ಸಲ ತೋರಿಸಿ ತಮ್ಮನ್ನು ಒಮ್ಮೆಯೂ ತೋರಿಸಿಲ್ಲವೆಂದು ಊರಿನ ಮುಖ್ಯಸ್ಥ ಮುನಿಸಿಕೊಂಡಿದ್ದ. ಕಡೆಗೆ, ಕರಾವಳಿಯ ಮದುವೆ ಚಿತ್ರಿಸುತ್ತೇವೆ, ಊರಲ್ಲಿ ಮದುವೆ ಇದ್ದಾಗ ಹೇಳಿ ಎಂದು ಅವರು ಒಪ್ಪಿದ್ದರು. ಮುಖ್ಯಸ್ಥ ದಿನ ನೋಡಿ ಹೇಳಿದ. ವ್ಯಾನು ಬಂದಿಳಿಯುವ ಹಿಂದಿನ ದಿನವೇ ಮದುಮಗನ ಅಜ್ಜಿ ತೀರಿಕೊಂಡಳು. ಮದುವೆ ಮುಂದಕ್ಕೆ ಹೋಯಿತು.

ಕಾರ್ಯಕ್ರಮ ಮಾಡುವ ಹೆಂಗಸು ಡೆಲ್ವಿ, ಮೂವತ್ತರ ಆಸುಪಾಸಿನವಳು, ಅಸ್ನಿದಾರಳ ಮನೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಳು. ಕ್ಯಾಮೆರಾ ಮಾರನೆಯ ದಿನ ಇನ್ನೊಂದು ಊರಿಗೆ ಹೋಗಬೇಕು. ಮತ್ತೆ ಇಲ್ಲಿಗೆ ಯಾವಾಗಲೋ ಹೇಳಲಾಗದು. ಮುಖ್ಯಸ್ಥ ಆಡಿನ ಪದಾರ್ಥಕ್ಕೆ ಒಲೆ ಹೊತ್ತಿಸಿ ಆಗಿತ್ತು. ನಿಜದ ಮದುವೆ ಇಲ್ಲದಿದ್ದರೆ ಏನಂತೆ, ಮದುವೆ ಹೇಗಾಗುತ್ತದೆಂದು ಆಡಿ ತೋರಿಸೋಣ ಎಂದ. ಡೆಲ್ವಿಗೂ ಬೇರೆ ದಾರಿ ತೋಚಲಿಲ್ಲ.

ಮದುಮಗಳಾಗಿ ಯಾರನ್ನು ಕೂರಿಸುವುದು? ಮದುವೆಯಾಗದ ಹುಡುಗಿಯರ ತಾಯಂದಿರು ಒಬ್ಬೊಬ್ಬರಾಗಿ ಜಾರಿಕೊಂಡರು. ಸುಳ್ಳು ಮದುವೆಗೆ ಒಮ್ಮೆ ಕಿರೀಟ ಇಟ್ಟವಳಿಗೆ ನಿಜದ ಮದುವೆ ತಡವಾಗುತ್ತದೆಂದು ಅವರ ಹೆದರಿಕೆ. ಮದುವೆಯಾದವರ ಗಂಡಂದಿರು ಬಿಡಲಿಲ್ಲ. ಅಸ್ನಿದಾರ್ ಪೆಟ್ಟಿಗೆ ತೆರೆದು ಕಾಯುತ್ತ ಕೂತಿದ್ದಳು. ಯಾರೋ ತಮಾಷೆಗೆ, ಅಸ್ನಿಯನ್ನೇ ಕೂರಿಸಿ, ಉಡುಪೂ ಅವಳದೇ, ಮಂಟಪವೂ ಅವಳದೇ ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಡೆಲ್ವಿ ಮಾತ್ರ ನಗಲಿಲ್ಲ. ಅಸ್ನಿದಾರಳ ಮುಖವನ್ನೇ ನೋಡಿ, ಆಗಬಹುದಲ್ಲ ಎಂದಳು.

ಗಂಡು ಹುಡುಕಲು ಅಷ್ಟು ಹೊತ್ತು ಹಿಡಿಯಲಿಲ್ಲ. ಹೊಳೆ ಸಮುದ್ರ ಸೇರುವಲ್ಲಿ ದೋಣಿಯ ಎಂಜಿನ್ನು ರಿಪೇರಿ ಮಾಡುವ ಮಸ್ರುಲ್ ಇದ್ದ. ನಲವತ್ತಾರಾದರೂ ಮದುವೆಯಾಗದವನು, ಅಕ್ಕ ನೂರ್ಬೈತಿಯ ಮನೆಯಲ್ಲಿ ಇರುವವನು. ವಯಸ್ಸಿದ್ದಾಗ ತಾಯಿಯ ಕಾಯಿಲೆ. ತಾಯಿ ಹೋದ ಮೇಲೆ ಕೇಳಲು ಯಾರೂ ಬರಲಿಲ್ಲ. ಆ ಕಡೆ ಹೆಣ್ಣಿನ ಮನೆಯವರೇ ಗಂಡಿನ ಮನೆಗೆ ಹೋಗಿ ಕೇಳಬೇಕು, ಗಂಡಿನ ಕಡೆಯವರು ತಾವಾಗಿ ಹೋಗುವಂತಿಲ್ಲ. ಹೀಗಾಗಿ ಅವನು ಉಳಿದುಹೋಗಿದ್ದ. ಮೈ ತೆಳ್ಳಗೆ, ಮದುಮಗನ ಅಂಗಿ ಅವನಿಗೆ ಸರಿಹೊಂದುತ್ತಿತ್ತು.

ಅಸ್ನಿದಾರಳ ಸೋದರಮಾವ ಬುಸ್ತಾಮಿ, ಅವರ ಮನೆತನಕ್ಕೆ ಹಿರಿಯ, ಇದಕ್ಕೆ ಒಪ್ಪಬೇಕಿತ್ತು. ಅವನು ಖಾಜಿಯ ಕಡೆ ನೋಡಿದ. ಖಾಜಿ ಗಂಭೀರವಾಗಿ ಒಂದು ಷರತ್ತು ಹಾಕಿದರು.

“ತಮಾಷೆಗೆ ಹೇಳಿದ ತಲಾಖೂ ತಲಾಖೇ, ತಮಾಷೆಗೆ ಹೇಳಿದ ನಿಕಾಹೂ ನಿಕಾಹೇ. ಆ ಮಾತುಗಳನ್ನ ಯಾರೂ ಬಾಯಲ್ಲಿ ಆಡ್ಬಾರದು, ಕ್ಯಾಮೆರಾ ಇದೆ ಅಂತಾನೂ ಆಡ್ಬಾರದು. ಮೆರವಣಿಗೆ ಮಾಡಿ, ಕೂತ್ಕೊಳ್ಳಿ, ಎಷ್ಟು ಬೇಕಾದ್ರೂ ಊಟ ಮಾಡಿ.”

ಹಾಗೇ ಆಗಲಿ ಎಂದರು ಎಲ್ಲರೂ.

ಅಸ್ನಿದಾರಳಿಗೆ ಎರ್ನಿ ಅಲಂಕಾರ ಮಾಡಿದಳು. ನೂರಾರು ಹೆಣ್ಣುಗಳ ತಲೆಗೆ ಕಿರೀಟ ಕಟ್ಟಿದ ಕೈ ಅಸ್ನಿದಾರಳದು, ಆದರೆ ಅದರ ಭಾರ ಕತ್ತಿನ ಮೇಲೆ ಹೇಗೆ ಕೂರುತ್ತದೆಂದು ಅವಳಿಗೆ ಆವತ್ತೇ ಗೊತ್ತಾದದ್ದು. ಹೂವಿನ ಸಾಲುಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಎರ್ನಿ, ಉಸಿರು ಬಿಗಿಹಿಡೀಬೇಡ, ಗದ್ದ ಎತ್ತು ಎಂದು ಅಕ್ಕನ ಮಾತುಗಳನ್ನೇ ಅಕ್ಕನಿಗೆ ಹೇಳಿದಳು. ಕನ್ನಡಿ ಹಿಡಿದಾಗ ಅಸ್ನಿದಾರ್ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿಕೊಂಡಳು. ಆಮೇಲೆ, ಎಡಗಡೆಯ ಸಾಲು ಸ್ವಲ್ಪ ಕೆಳಗಾಗಿದೆ, ಸರಿಮಾಡು ಎಂದಳು.

ತಾಸೆ ಬಾರಿಸುತ್ತ ಮಸ್ರುಲನನ್ನು ಅವನ ಅಕ್ಕನ ಮನೆಯಿಂದ ಕರೆತಂದರು. ಮಕ್ಕಳು ಕ್ಯಾಮೆರಾದ ಮುಂದೆ ಮುಂದೆ ಓಡಿದರು. ಅವನು ನೇರ ಬಂದು, ಹೇಳಿಕೊಟ್ಟಲ್ಲಿ ಕೂತ. ಕೈಯುಗುರುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಬಂದಿದ್ದ. ಪನ್ನೀರಿನ ಕೆಳಗೆ ಅದರ ವಾಸನೆ ಇನ್ನೂ ಇತ್ತು. ಊಟದ ಚಿತ್ರ ತೆಗೆಯುವಾಗ ತೊಂದರೆಯಾಯಿತು. ಕಿರೀಟ ಹೊತ್ತ ಅಸ್ನಿದಾರಳಿಗೆ ತಟ್ಟೆಯ ಕಡೆ ಬಗ್ಗಲು ಆಗಲಿಲ್ಲ. ಮಸ್ರುಲ್ ಮೀನಿನ ತುಂಡಿನಿಂದ ಮುಳ್ಳು ತೆಗೆದು, ಸಾರಲ್ಲದ್ದಿ, ಅವಳ ಬಾಯಿಯ ಮಟ್ಟಕ್ಕೆ ಹಿಡಿದ.

“ಬಾಯಿ ತೆಗಿ ಅಸ್ನಿ. ಟೀವಿಯವರು ಕಾಯ್ತಿದ್ದಾರೆ.”

“ಜನ ನೋಡ್ತಿದ್ದಾರೆ.”

“ನೋಡ್ಲಿ ಅಂತಾನೇ ಅಲ್ವಾ ಇವರು ಬಂದಿರೋದು. ಇಷ್ಟು ಭಾರ ಹೊತ್ಕೊಂಡೂ ನಮ್ಮಕ್ಕ ಮದುವೆ ದಿನ ನಾಲ್ಕು ಜನಕ್ಕೆ ಬೈದಿದ್ಲು. ನೀನು ಬಾಯಿ ತೆಗೆಯೋಕೂ ಹೆದರ್ತೀಯ.”

ಅಸ್ನಿದಾರ್ ನಕ್ಕುಬಿಟ್ಟಳು. ಅವಳ ತಲೆಯ ಹೂಗಳೆಲ್ಲ ಅಲ್ಲಾಡಿದವು. ಅವನೂ ನಕ್ಕ. ಡೆಲ್ವಿ ಕ್ಯಾಮೆರಾದವನ ಭುಜ ತಟ್ಟಿ ಇದನ್ನು ಬಿಡಬೇಡ ಎಂದು ಸನ್ನೆ ಮಾಡಿದಳು.

ಮುಂದಿನ ಭಾನುವಾರ ಊರಿಗೆ ಊರೇ ಕಾಫಿ ಅಂಗಡಿಗಳ ಟೀವಿಯ ಮುಂದೆ ಸೇರಿತು. ಕಾರ್ಯಕ್ರಮ ಚೆನ್ನಾಗಿಯೇ ಬಂದಿತ್ತು. ಹೊಳೆ, ತೆಂಗಿನ ಸಾಲು, ಒಲೆಯ ಮುಂದಿನ ಹೆಂಗಸರು, ಮುಖ್ಯಸ್ಥನ ಉದ್ದದ ಮಾತು ಮೊಟಕಾಗಿ. ಕಡೆಯಲ್ಲಿ ಆ ನಗು. ಹಿನ್ನೆಲೆಯಲ್ಲಿ ಗಂಡು ದನಿಯೊಂದು, ಅಸ್ನಿದಾರ್ ಮತ್ತು ಮಸ್ರುಲರ ಬಾಳು ಇಂದಿನಿಂದ ಒಂದಾಯಿತು ಎಂದು ಹೇಳಿ ಮುಗಿಸಿತು. ಇದು ಆಡಿ ತೋರಿಸಿದ್ದು ಎಂಬ ಒಂದು ಸಾಲನ್ನು ಡೆಲ್ವಿ ಬರೆದಿದ್ದಳಂತೆ. ಹೊತ್ತು ಸಾಲದೆಂದು ಯಾರೋ ಅದನ್ನು ತೆಗೆದಿದ್ದರು. ಪಾಸಿಯ ಲಾವೆಯವರ ಗಮನಕ್ಕೇ ಅದು ಬರಲಿಲ್ಲ, ಅವರಿಗೆ ನಿಜ ಗೊತ್ತಿತ್ತಲ್ಲ. ಹೊರಗಿನವರಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೂಲೆಯ ಫೋನ್ ಅಂಗಡಿಯವನು ಅಸ್ನಿದಾರಳನ್ನು ಕರೆದ. ಆ ಕಡೆ ಮೆಲ್ದಾ.

“ಅಮ್ಮ, ನಂಗೆ ಟೀವಿ ನೋಡಿ ಗೊತ್ತಾಗ್ಬೇಕಿತ್ತಾ? ಅತ್ತೆ ಕೇಳ್ತಾರೆ, ನಮ್ಮನ್ನ ಯಾಕೆ ಕರೀಲಿಲ್ಲ ಅಂತ.”

ಅಸ್ನಿದಾರ್ ವಿವರಿಸಿದಳು. ಮೆಲ್ದಾ ಅರ್ಧ ನಂಬಿದಳು. ನಾಟಕವಾದರೂ ಒಂದು ಮಾತು ಹೇಳಬೇಕಿತ್ತು ಎಂದು ಫೋನಿಟ್ಟಳು. ಆ ವಾರವೆಲ್ಲ ಕರೆಗಳು. ದೂರದ ನೆಂಟರು, ಅವಳು ಅಲಂಕಾರ ಮಾಡಿದ ಹಳೆಯ ಮದುವಣಗಿತ್ತಿಯರು ಹಾರೈಸಿದರು. ಕೆಲವರು ಹಾರೈಕೆಗೇ ನಿಲ್ಲಲಿಲ್ಲ. ಕಂಬಳಿ, ತಟ್ಟೆಗಳ ಸೆಟ್ಟು, ದೊಡ್ಡದೊಂದು ಥರ್ಮಾಸು ಬಸ್ಸಿನಲ್ಲಿ ಬಂದಿಳಿದವು.

ಗುರುವಾರ ನೂರ್ಬೈತಿ ಬಂದಳು. ಚಪ್ಪಲಿಯನ್ನು ಬಿಸಾಡಿದ ಹಾಗೆ ಬಿಟ್ಟು ಒಳಗೆ ಬಂದು ಕೂತಳು. ಸುಂಗೈ ಲಿಮಾವಿನಲ್ಲಿ ಒಣಮೀನಿನ ಅಂಗಡಿ ಇಟ್ಟಿರುವ ಗುಸ್ನಿಮಾರ್ ಎಂಬ ವಿಧವೆಯ ಕಡೆಯವರು ಮಸ್ರುಲನನ್ನು ಕೇಳುವ ಮನಸ್ಸು ಮಾಡಿದ್ದರು. ಮಾತು ಬಾಯಿಂದ ಬಾಯಿಗೆ ಬಂದು, ಇನ್ನೇನು ಹಿರಿಯರು ಎಲೆ ಅಡಿಕೆ ಹಿಡಿದು ಬರಬೇಕಿತ್ತು. ಈಗ ಬರುವುದಿಲ್ಲವೆಂದು ಹೇಳಿಕಳಿಸಿದ್ದರು.

“ಇಷ್ಟು ವರ್ಷಕ್ಕೆ ಒಂದು ಮನೆಯವರು ನಮ್ಮ ತಮ್ಮನ್ನ ಕೇಳೋಣ ಅಂದ್ಕೊಂಡ್ರು. ನೀನು ಹೋಗಿ ಮಂಟಪದ ಮೇಲೆ ಹಲ್ಲು ಕಿರಿದು ಕೂತೆ.”

“ನೀವೂ ಇದ್ರಲ್ಲ ಅಕ್ಕ ಅಲ್ಲಿ. ಬಡಿಸ್ತಿದ್ರಿ.”

“ಬಡಿಸಿದ್ದೇ ತಪ್ಪಾಯ್ತು,” ಎಂದಳು ನೂರ್ಬೈತಿ. ಕೊಟ್ಟ ಕಾಫಿಯನ್ನು ಮಾತ್ರ ಪೂರ್ತಿ ಕುಡಿದೇ ಹೋದಳು.

ಅಸ್ನಿದಾರ್ ಫೋನ್ ಅಂಗಡಿಗೆ ಹೋಗಿ ಡೆಲ್ವಿಗೆ ಕರೆಮಾಡಿ, ಆದದ್ದನ್ನೆಲ್ಲ ಹೇಳಿದಳು. ಡೆಲ್ವಿ ನೊಂದುಕೊಂಡಳು, ಸರಿಪಡಿಸುತ್ತೇನೆ ಎಂದಳು, ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಕಾರ್ಯಕ್ರಮದ ಮೊದಲಿಗೇ ಅದೇ ಗಂಡು ದನಿ ಓದಿತು: ಕಳೆದ ವಾರ ತೋರಿಸಿದ ಮದುವೆ ಪ್ರದರ್ಶನಕ್ಕಾಗಿ ಮಾತ್ರ, ಪಾಸಿಯ ಲಾವೆಯ ಅಸ್ನಿದಾರ್ ಮತ್ತು ಮಸ್ರುಲ್ ಗಂಡ ಹೆಂಡತಿಯರಲ್ಲ, ವೀಕ್ಷಕರು ಗಮನಿಸಬೇಕು.

ಕಾಫಿ ಅಂಗಡಿಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, “ಟೀವಿಯವರೇ ಮದುವೆ ಮಾಡಿದ್ರು, ಟೀವಿಯವರೇ ತಲಾಖ್ ಕೊಟ್ರು. ಖಾಜಿಗೆ ಕೆಲಸ ಇಲ್ಲ,” ಎಂದ. ಅಂಗಡಿಯೆಲ್ಲ ನಕ್ಕಿತು. ಅಸ್ನಿದಾರ್ ಸಕ್ಕರೆ ಕೊಳ್ಳಲೆಂದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕಂಡವರು ನಗು ನುಂಗಿದರು, ಅದು ಅವಳಿಗೆ ಇನ್ನೂ ಕಷ್ಟವಾಯಿತು. ಸಕ್ಕರೆ ತೆಗೆದುಕೊಂಡು ಮನೆಗೆ ಬಂದಳು. ಸರಿಮಾಡಿ ಎಂದು ತಾನೇ ಕೇಳಿದ್ದು, ಅವರು ಸರಿಯಾದದ್ದನ್ನೇ ಹೇಳಿದ್ದು. ಆದರೂ ಅಂಗಳದಲ್ಲಿ ನಿಂತು ತಲಾಖಿನ ಸುದ್ದಿ ಹೇಳಿಹೋದ ಆ ಮನುಷ್ಯ ಮತ್ತೆ ಬಂದುಹೋದ ಹಾಗೆ ಅನ್ನಿಸಿತು.

ಮರುದಿನದಿಂದ ಉಡುಗೊರೆಗಳನ್ನು ಹಿಂದಿರುಗಿಸತೊಡಗಿದಳು. ಹತ್ತಿರದವರಿಗೆ ತಾನೇ ಹೊತ್ತು ಹೋಗಿ ಕೊಟ್ಟಳು, ದೂರದವರಿಗೆ ಬಸ್ಸಿನಲ್ಲಿ ಹಾಕಿದಳು. ಥರ್ಮಾಸು ಕಳಿಸಿದ ಮುದುಕಿ ಮಾತ್ರ ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ, ಕಾಫಿ ಕುಡಿಯೋಕೆ ಗಂಡ ಇರ್ಬೇಕು ಅಂತ ಎಲ್ಲಿದೆ ಎಂದಳು.

ಇಷ್ಟೆಲ್ಲ ಆದರೂ ಸುಂಗೈ ಲಿಮಾವಿನಿಂದ ಯಾರೂ ಬರಲಿಲ್ಲ. ಮಸ್ರುಲ್ ಯಾರ ಹತ್ತಿರವೂ ಏನೂ ಹೇಳದೆ ಅಂಗಡಿಯಲ್ಲಿ ಎಂಜಿನ್ನು ಬಿಚ್ಚುತ್ತಿದ್ದ. ತನ್ನಿಂದ ಕೆಟ್ಟದ್ದನ್ನು ತಾನೇ ಹೋಗಿ ಸರಿಮಾಡಬೇಕೆಂದು ಅಸ್ನಿದಾರಳಿಗೆ ಅನ್ನಿಸಿತು. ಎರ್ನಿಗೂ ಹೇಳದೆ ಸಂತೆಯ ದಿನದ ಮಿನಿಬಸ್ಸು ಹತ್ತಿದಳು.

ಗುಸ್ನಿಮಾರ್ ಐವತ್ತರ ಹತ್ತಿರದ ದಪ್ಪ ಹೆಂಗಸು. ಒಣಮೀನಿನ ಬುಟ್ಟಿಗಳ ನಡುವೆ ತಗ್ಗಿನ ಮಣೆಯ ಮೇಲೆ ಕೂತು ಸಣ್ಣದು ದೊಡ್ಡದು ಬೇರೆಮಾಡುತ್ತಿದ್ದಳು. ತಲೆಯೆತ್ತಿ ನೋಡಿ ಗುರುತು ಹಿಡಿದಳು.

“ಅವನ ಹೆಂಡ್ತಿ ಅಲ್ವಾ ನೀನು?”

“ಅಲ್ಲ ಅಂತ ಹೇಳೋಕೇ ಬಂದೆ.”

ಇನ್ನೊಂದು ಮಣೆ ತಳ್ಳಿದಳು. ಅಸ್ನಿದಾರ್ ಕೂತು ಮೊದಲಿಂದ ಕೊನೆಯವರೆಗೆ ಹೇಳಿದಳು. ಅಜ್ಜಿ ಸತ್ತದ್ದು, ಖಾಜಿಯ ಷರತ್ತು, ಟೀವಿಯವರು ತೆಗೆದ ಸಾಲು. ಮಸ್ರುಲ್ ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಅಕ್ಕನ ಮಕ್ಕಳ ಶಾಲೆಗೆ ಅವನೇ ದುಡಿದು ಹಾಕಿದ್ದು, ಸಿಟ್ಟು ಬಂದರೆ ಎದ್ದುಹೋಗಿ ಹೊಳೆಯಲ್ಲಿ ಮುಖ ತೊಳೆದು ಬರುತ್ತಾನೆ ಎಂದೂ ಹೇಳಿದಳು. ಗುಸ್ನಿಮಾರ್ ಕೈ ನಿಲ್ಲಿಸದೆ ಕೇಳಿದಳು.

“ಟೀವಿಯವರು ತಪ್ಪಾಯ್ತು ಅಂದಿದ್ದೂ ನೋಡ್ದೆ.”

“ಮತ್ತೆ ಯಾಕೆ ಬೇಡ ಅಂದ್ರಿ?”

“ಅವನಿಗೆ ಮದುವೆ ಆಗಿದೆ ಅಂತಲ್ಲ. ನಮ್ಮನೆ ದೋಣಿ ರಿಪೇರಿಗೆ ಎಷ್ಟೋ ಸಲ ಬಂದಿದ್ದಾನೆ. ಒಂದು ಸಲಾನೂ ನಕ್ಕಿದ್ದು ನೋಡಿಲ್ಲ ನಾನು. ಟೀವಿಯಲ್ಲಿ ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ದ.”

“ಅದು ನಾಟಕ.”

“ಅವನಿಗೆ ನಾಟಕ ಆಡೋಕೆ ಬರುತ್ತಾ?”

ಅಸ್ನಿದಾರ್ ಯೋಚಿಸಿದಳು. “ಇಲ್ಲ,” ಎನ್ನಬೇಕಾಯಿತು.

“ಮತ್ತೆ? ನೀನೇ ಯಾಕೆ ತಗೋಬಾರ್ದು ಅವನ್ನ?”

“ನನ್ನನ್ನ ಯಾರೂ ಕೇಳಿಲ್ಲ.”

ಗುಸ್ನಿಮಾರ್ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ ಜೋರಾಗಿ ನಕ್ಕಳು. “ಯಾರು ಕೇಳ್ಬೇಕು ತಾಯಿ? ನಮ್ಮಲ್ಲಿ ಗಂಡಸು ಬಂದು ಕೇಳ್ತಾನಾ? ನಿಮ್ಮ ಮಾವ ಹೋಗಿ ಕೇಳ್ಬೇಕು. ಅಷ್ಟು ಮದುವೆಗೆ ಅಲಂಕಾರ ಮಾಡಿದ್ದೀಯ, ಇದು ಗೊತ್ತಿಲ್ವಾ?”

ಅಸ್ನಿದಾರ್ ಬುಟ್ಟಿಯಿಂದ ಜಾರಿದ ಮೀನೊಂದನ್ನು ಎತ್ತಿ ಹಾಕಿದಳು. ಗುಸ್ನಿಮಾರ್ ಮುಂದುವರಿಸಿದಳು. ಸುತ್ತು ಬಳಸು ಅವಳ ಸ್ವಭಾವವಲ್ಲ. “ನೋಡು, ನಂಗೂ ಮನೇಲಿ ಒಬ್ಬ ಗಂಡಸು ಬೇಕು. ಎರಡು ಮೋಟಾರು ಕೆಟ್ಟು ಕೂತಿವೆ. ಉಪವಾಸ ಮುಗಿಯೋವರೆಗೆ ಸುಮ್ನಿರ್ತೀನಿ. ಅಷ್ಟರಲ್ಲಿ ನಿಮ್ಮ ಮಾವ ಹೋಗ್ಲಿಲ್ಲ ಅಂದ್ರೆ ಹಬ್ಬ ಆದ್ಮೇಲೆ ನಮ್ಮಣ್ಣ ಹೋಗ್ತಾನೆ. ಆಗ ಬಂದು ಅಳಬೇಡ.”

ಹೊರಡುವಾಗ ಒಂದು ಪೊಟ್ಟಣ ಒಣಮೀನು ಕಟ್ಟಿಕೊಟ್ಟಳು.

ಮಿನಿಬಸ್ಸಿನಲ್ಲಿ ಅಸ್ನಿದಾರಳಿಗೆ ಮೊದಲು ನೆನಪಾದದ್ದು ತಾನು ಹೇಳಿದ ಮಾತುಗಳು. ಸಿಟ್ಟು ಬಂದರೆ ಅವನು ಹೊಳೆಯಲ್ಲಿ ಮುಖ ತೊಳೆಯುವುದು ತನಗೆ ಹೇಗೆ ಗೊತ್ತು? ಯಾವಾಗಲೋ ನೋಡಿರಬೇಕು, ಒಂದಲ್ಲ, ಹಲವು ಸಲ ನೋಡಿರಬೇಕು. ಮನೆಗೆ ಬಂದ ಮೇಲೂ ಕೆಲವು ದಿನ ಅದೇ ಯೋಚನೆ. ಗಂಡನಿಲ್ಲದೆ ಇಷ್ಟು ವರ್ಷ ಏನೂ ಕೊರತೆಯಾಗಿರಲಿಲ್ಲ. ಮನೆ ತನ್ನದು, ಕಸುಬು ತನ್ನದು. ಮಾವನಿಂದ ಕೇಳಿಸಿ, ಆ ಮನೆಯವರು ಬೇಡವೆಂದರೆ ಊರಲ್ಲಿ ತಲೆಯೆತ್ತುವುದು ಹೇಗೆ? ಆದರೆ ಹಬ್ಬ ಕಳೆದು ಸುಂಗೈ ಲಿಮಾವಿನವರು ಎಲೆ ಅಡಿಕೆ ಹಿಡಿದು ಬಂದು, ಆ ಮದುವೆಗೆ ಮಂಟಪ ಕಟ್ಟಲು ತನ್ನನ್ನೇ ಕರೆದರೆ? ಅದನ್ನು ನೆನೆದಾಗ ಕೈಯಲ್ಲಿದ್ದ ಸೂಜಿ ನಿಂತಿತು.

ಉಪವಾಸ ಶುರುವಾಗುವ ಮುನ್ನಿನ ವಾರ ಬುಸ್ತಾಮಿಯ ಮನೆಗೆ ಹೋದಳು. ಅವನು ತೆಂಗಿನಕಾಯಿ ಸುಲಿಯುತ್ತಿದ್ದ. ಅವಳು ಹೇಳಿದ್ದು ಕೇಳಿ ಇನ್ನೊಂದು ಕಾಯಿ ಸುಲಿದು ಮುಗಿಸಿದ.

“ಜನ ಏನಂತಾರೆ ಗೊತ್ತಾ? ಟೀವಿಯಲ್ಲಿ ಕೂತಳು, ಏಳೋಕೆ ಮನಸ್ಸಾಗ್ಲಿಲ್ಲ ಅಂತಾರೆ.”

“ಅನ್ಲಿ ಮಾವ. ಈಗೇನು ಸುಮ್ನಿದ್ದಾರಾ?”

“ನೂರ್ಬೈತಿ ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ನೀವೊಂದ್ಸಲ ಕೇಳಿ. ಆಮೇಲೆ ನಾನು ಈ ಮಾತೆತ್ತಲ್ಲ.”

ಬುಸ್ತಾಮಿ ಶುಕ್ರವಾರದ ನಮಾಜು ಮುಗಿಸಿ, ಕರಿ ಟೋಪಿ ಇಟ್ಟು, ಎಲೆ ಅಡಿಕೆಯ ಚೀಲದೊಂದಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ನೂರ್ಬೈತಿ ಮೊದಲು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಇವಳಿಂದ ಕೈಗೆ ಬಂದದ್ದು ತಪ್ಪಿತು, ಈಗ ಇವಳೇ ಕೇಳುತ್ತಾಳೆ ಎಂದಳು. ಬುಸ್ತಾಮಿ ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆಯ ಚೀಲವನ್ನು ಅವಳ ಮುಂದೆ ಇನ್ನೊಂದಿಷ್ಟು ಸರಿಸಿದ. ಅವಳು ಅದನ್ನು ಬಹಳ ಹೊತ್ತು ನೋಡಿ, ಒಂದು ಎಲೆ ತೆಗೆದುಕೊಂಡಳು. ತಮ್ಮನನ್ನು ಕೇಳಬೇಕು ಎಂದಳು. ತಮ್ಮ ಬಾಗಿಲ ಹಿಂದೆಯೇ ಇದ್ದ. ತಾನು ಮೊದಲು ಅಸ್ನಿಯ ಹತ್ತಿರ ಮಾತಾಡಬೇಕು ಎಂದ.

ಅದೇ ಸಂಜೆ ಮಸ್ರುಲ್ ಬಂದ. ಮೆಟ್ಟಿಲ ಮೇಲೆ ಕೂತ. ಅಸ್ನಿದಾರ್ ಬಾಗಿಲಿಗೊರಗಿ ನಿಂತಳು. ಅಂಗಳದಲ್ಲಿ ಜರಿಯ ಪರದೆಗಳು ಒಣಗುತ್ತಿದ್ದವು.

“ಸುಂಗೈ ಲಿಮಾವಿಗೆ ಹೋಗಿದ್ಯಂತೆ.”

“ಹೋಗಿದ್ದೆ.”

“ನನ್ನ ಮದುವೆ ಮಾಡ್ಸೋಕೆ.”

“ಹೌದು.”

“ನಂಗೆ ಅಲ್ಲಿ ಆಗ್ಬೇಕಾ ಅಂತ ಕೇಳ್ಲಿಲ್ಲ ನೀನು.”

“ನೀವು ಹೇಳ್ಲಿಲ್ಲ.”

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಪರದೆಯೊಂದು ಗಾಳಿಗೆ ಜಾರಿತು, ಎದ್ದುಹೋಗಿ ಮತ್ತೆ ಹಗ್ಗಕ್ಕೆ ಹಾಕಿ ಬಂದ.

“ನಂಗೆ ಬೆಳಿಗ್ಗೆ ಬೇಗ ಊಟ ಬೇಕು. ದೋಣಿಗಳು ಬರೋದ್ರೊಳಗೆ ಅಂಗಡಿ ತೆಗೀಬೇಕು.”

“ಅಷ್ಟು ಹೊತ್ತಿಗೆ ಹಿಂದಿನ ದಿನದ ಅನ್ನಾನೇ ಇರೋದು.”

“ಪರವಾಗಿಲ್ಲ,” ಎಂದ ಮಸ್ರುಲ್.

ಉಪವಾಸಕ್ಕೆ ಮುಂಚೆಯೇ ಖಾಜಿಯ ಮನೆಯ ಮುಂದಿನ ಕೋಣೆಯಲ್ಲಿ ನಿಕಾಹ್ ಆಯಿತು. ಕಿರೀಟ ಕಟ್ಟುತ್ತೇನೆಂದು ಎರ್ನಿ ಹಟ ಹಿಡಿದಳು. ಅಸ್ನಿದಾರ್ ಬೇಡವೆಂದು ಹೊಸದೊಂದು ಬಿಳಿ ತಲೆವಸ್ತ್ರ ಹೊದ್ದಳು. ಚಿತ್ರ ತೆಗೆಯಬಹುದೇ ಎಂದು ಡೆಲ್ವಿ ಫೋನಿನಲ್ಲಿ ಕೇಳಿದ್ದಳು. ಊಟಕ್ಕೆ ಬಾ, ಕ್ಯಾಮೆರಾ ಬೇಡ ಎಂದು ಹೇಳಿದ್ದಾಯಿತು. ಅವಳು ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು ಎರಡು ಸಲ ಬಡಿಸಿಕೊಂಡು ಉಂಡಳು. ನೂರ್ಬೈತಿ ಎಲ್ಲರಿಗೂ ಬೈಯುತ್ತ ಬಡಿಸಿದಳು. ಕಾಫಿ ಅಂಗಡಿಯವರು ಒಂದು ವಾರ ಮಾತಾಡಿದರು, ಆಮೇಲೆ ಉಪವಾಸ ಬಂತು, ಬೇರೆ ಮಾತು ಬಂತು.

ಅಲ್ಲಿಯ ರೂಢಿಯಂತೆ ಮಸ್ರುಲ್ ಒಂದು ಟ್ರಂಕು, ಎರಡು ಹತಾರದ ಪೆಟ್ಟಿಗೆ ಹೊತ್ತು ಅಸ್ನಿದಾರಳ ಮನೆಗೆ ಬಂದ. ಅಟ್ಟದಲ್ಲಿ ಜಾಗವಿರಲಿಲ್ಲ, ಹತಾರಗಳು ಮೆಟ್ಟಿಲ ಕೆಳಗೆ ಸೇರಿದವು. ಮೆಲ್ದಾ ಗಂಡನೊಂದಿಗೆ ಹಬ್ಬಕ್ಕೆ ಬಂದಳು. ಮೊದಲ ದಿನ ಅವನ ಜೊತೆ ಮಾತಾಡಲಿಲ್ಲ, ಅವನೂ ಬಲವಂತ ಮಾಡಲಿಲ್ಲ. ಮರುದಿನ ಅವನು ಉಂಡು ಕೈತೊಳೆಯುವಾಗ ಹತ್ತಿರ ಹೋಗಿ ನಿಂತಳು. ಏನೆಂದು ಕರೆಯುವುದೋ ತಿಳಿಯದೆ ಯಾವ ಹೆಸರೂ ಹಿಡಿಯದೆ, ತಮ್ಮ ಮೋಟಾರ್ ಸೈಕಲ್ಲು ಏರು ಹತ್ತುವಾಗ ಏನೋ ಸದ್ದು ಮಾಡುತ್ತದೆ, ಒಮ್ಮೆ ನೋಡುತ್ತೀರಾ ಎಂದು ಕೇಳಿದಳು. ಮಸ್ರುಲ್ ಒದ್ದೆ ಕೈ ಲುಂಗಿಗೆ ಒರೆಸಿಕೊಂಡು ಅಂಗಳಕ್ಕಿಳಿದ.